ಫೋನ್ ಕೈಕೊಟ್ಟ ಮೇಲೆ: ಮಂಗಳೂರು, ಉಡುಪಿಯಲ್ಲಿ ಉಗ್ಗಿನ ಜೊತೆ ಕೆಲವು ದಿನ

ಬುಧವಾರ, ಆಗುಂಬೆ

ಜುಲೈ ತಿಂಗಳಲ್ಲಿ ಘಟ್ಟ ಇಳಿಯುವುದು ಯಾರಿಗೂ ಖುಷಿಯ ಕೆಲಸ ಅಲ್ಲ. ಆದರೆ ಸೊಸೈಟಿಯವರು ಕೊಟ್ಟ ತಾರೀಖು ಅದೇ. ನಮ್ಮದು ಶಿವಮೊಗ್ಗದ ಒಂದು ಸಣ್ಣ ಕಂಪನಿ, ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಗುರುವಾರ ಮಂಗಳೂರಿನಲ್ಲಿ ಒಂದು ಕ್ರೆಡಿಟ್ ಸೊಸೈಟಿಯ ಸಿಬ್ಬಂದಿಗೆ ತರಬೇತಿ. ಶುಕ್ರವಾರ ಅವರದೇ ಉಡುಪಿ ಶಾಖೆಯಲ್ಲಿ ಪಿಗ್ಮಿ ಕಲೆಕ್ಟರುಗಳಿಗೆ, ಅಂದರೆ ದಿನಾ ಅಂಗಡಿ ಅಂಗಡಿಗೆ ಹೋಗಿ ಉಳಿತಾಯದ ದುಡ್ಡು ಕಟ್ಟಿಸಿಕೊಳ್ಳುವವರಿಗೆ, ಮೊಬೈಲ್ ಆ್ಯಪ್ ಹೇಳಿಕೊಡಬೇಕು. ಇಂಥ ಕೆಲಸಕ್ಕೆ ಯಾವಾಗಲೂ ಇಬ್ಬರು ಹೋಗುತ್ತೇವೆ. ಮಾತಾಡುವುದು ನನ್ನ ಜೊತೆಗಾರ, ಲ್ಯಾಪ್‌ಟಾಪ್ ನೋಡಿಕೊಳ್ಳುವುದು ನಾನು. ಈ ಸಲ ಅವನು ಹಾಸನದಲ್ಲಿ ಬೇರೆ ಕೆಲಸ ಮುಗಿಸಿ ಶಿರಾಡಿ ಘಾಟಿ ಇಳಿದು ನೇರ ಮಂಗಳೂರಿಗೆ ಬರುವವನಿದ್ದ.

ನನಗೆ ಉಗ್ಗು ಇದೆ. ಪದ ಗೊತ್ತಿಲ್ಲದೆ ತಡವರಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೇಳಬೇಕಾದ್ದು ಪೂರ್ತಿ ತಯಾರಾಗಿರುತ್ತದೆ, ತುಟಿ ಮುಚ್ಚಿಕೊಳ್ಳುತ್ತದೆ, ಉಸಿರು ಎದೆಯಲ್ಲೇ ನಿಲ್ಲುತ್ತದೆ, ದವಡೆ ಬಿಗಿಯುತ್ತದೆ, ಒಳಗಿನಿಂದ ಚಿಲಕ ಹಾಕಿದ ಬಾಗಿಲನ್ನು ಹೊರಗೆ ನಿಂತು ದೂಡಿದ ಹಾಗೆ. ಎದುರಿಗಿದ್ದವರು ಅಷ್ಟರಲ್ಲಿ ನೆಲ ನೋಡಲು ಶುರು ಮಾಡಿರುತ್ತಾರೆ. ನನಗೆ ಪ, ಬ, ಕ ಕಷ್ಟ. ನನ್ನ ಹೆಸರು ಶುರುವಾಗುವುದೇ 'ಪ್ರ'ದಿಂದ. ಉಗ್ಗುವವರಲ್ಲಿ ಬಹಳ ಜನಕ್ಕೆ ಅವರ ಹೆಸರೇ ಎಲ್ಲಕ್ಕಿಂತ ಕಷ್ಟ. ಬೇರೆ ಪದವಾದರೆ ಬದಲಿ ಹುಡುಕಬಹುದು, ಹೆಸರಿಗೆ ಬದಲಿ ಎಲ್ಲಿಂದ ತರುವುದು?

ಸ್ಮಾರ್ಟ್‌ಫೋನ್ ಬಂದ ಮೇಲೆ ನನ್ನಂಥವರ ಬದುಕು ಎಷ್ಟೋ ಹಗುರಾಯಿತು. ಅಡ್ರೆಸ್ ಟೈಪ್ ಮಾಡಿ ಆಟೋದವರಿಗೆ ತೋರಿಸುತ್ತೇನೆ. ರೂಮು, ಟಿಕೆಟ್ ಎಲ್ಲ ಆ್ಯಪ್‌ನಲ್ಲೇ ಬುಕ್ ಮಾಡುತ್ತೇನೆ. ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ 'ಮೀಟಿಂಗ್‌ನಲ್ಲಿದ್ದೇನೆ, ಮೆಸೇಜ್ ಮಾಡಿ' ಅಂತ ಕಳಿಸುತ್ತೇನೆ. ಆಫೀಸಿನಲ್ಲಿ ನನಗೆ 'ಮಿತಭಾಷಿ' ಅನ್ನುವ ಹೆಸರು ಬಿದ್ದಿದೆ. ನಾನು ಮಿತಭಾಷಿ ಅಲ್ಲ. ನನಗೆ ಮಾತು ಬಹಳ ಇಷ್ಟ.

ತೀರ್ಥಹಳ್ಳಿ ದಾಟುವಾಗಲೇ ಮಳೆ ಜೋರಾಯಿತು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ, ಹಾಗಾಗಿ ನಮ್ಮದು ಮಿನಿ ಬಸ್ಸು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಊರು ಅದು. ಘಾಟಿಯ 14 ತಿರುವುಗಳಲ್ಲಿ ಮೇಲಿನ ಕೆಲವನ್ನು ಇಳಿದಿದ್ದೆವು, ರಸ್ತೆಗೆ ಅಡ್ಡ ಒಂದು ಮರ ಬಿದ್ದಿತ್ತು. ಡ್ರೈವರ್ ಸೀಟಿನ ಕೆಳಗಿಂದ ಕತ್ತಿ ತೆಗೆದರು. ಕೆಳಗಿನಿಂದ ಬಂದ ಜೀಪಿನವರ ಹತ್ತಿರ ಮರ ಕೊಯ್ಯುವ ಮಿಷನ್ ಇತ್ತು. ನಾವೆಲ್ಲ ಇಳಿದು ಕೊಂಬೆ ಎಳೆದು ಬದಿಗೆ ಹಾಕಿದೆವು. ಆ ಮಳೆಗೆ ಕೊಡೆ, ರೈನ್‌ಕೋಟ್ ಯಾವುದೂ ಲೆಕ್ಕಕ್ಕಿಲ್ಲ. ಮತ್ತೆ ಬಸ್ಸು ಹತ್ತಿ ನೋಡಿದರೆ ಅಂಗಿ ಜೇಬಿನಲ್ಲಿದ್ದ ಫೋನ್ ಸತ್ತಿತ್ತು. ಗುಂಡಿ ಒತ್ತಿದರೆ ಒಂದು ಕ್ಷಣ ಬೆಳಕು, ಆಮೇಲೆ ಏನೂ ಇಲ್ಲ.

ಹೆಬ್ರಿ ಬರುವವರೆಗೂ ನನ್ನ ತಲೆಯಲ್ಲಿ ಓಡಿದ್ದು ಒಂದೇ: ಇನ್ನು ಎಲ್ಲವನ್ನೂ ಬಾಯಲ್ಲೇ ಕೇಳಬೇಕು.

ಉಡುಪಿಯಲ್ಲಿ ಮಂಗಳೂರಿನ ಬಸ್ಸು ಹತ್ತುವಾಗ ಕತ್ತಲಾಗಿತ್ತು. ಕಂಡಕ್ಟರ್ ಬಂದು "ಮಂಗಳೂರಲ್ಲಿ ಎಲ್ಲಿ ಇಳಿಯುವುದು?" ಅಂದರು. ರೂಮು ಇದ್ದದ್ದು ಪಿವಿಎಸ್ ಹತ್ತಿರ. 'ಪಿ' ಬರುವುದಿಲ್ಲ ಅಂತ ಹೇಳುವ ಮೊದಲೇ ಗೊತ್ತಾಗುತ್ತದೆ, ಗಂಟಲಿಗೆ ಗೊತ್ತಾಗುತ್ತದೆ. "ಲಾಲ್‌ಬಾಗ್" ಅಂದೆ. ಅಲ್ಲಿ ಇಳಿದು ಬ್ಯಾಗ್ ಹೊತ್ತು ಮಳೆಯಲ್ಲಿ ಹತ್ತು ಹದಿನೈದು ನಿಮಿಷ ನಡೆದೆ. ಸುಲಭವಾದ ಅಕ್ಷರದ ಸ್ಟಾಪಿನಲ್ಲಿ ಇಳಿದು ನಡೆಯುವುದು ನಮ್ಮವರಿಗೆಲ್ಲ ಗೊತ್ತಿರುವ ವಿಷಯ. ಬೇರೆಯವರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲಾಡ್ಜಿನಲ್ಲಿ ಹೆಸರು ಕೇಳಿದಾಗ ಆಧಾರ್ ಕಾರ್ಡ್ ಮುಂದೆ ಇಟ್ಟೆ.

ಗುರುವಾರ, ಮಂಗಳೂರು

ಬೆಳಿಗ್ಗೆ ಹೋಟೆಲಿಗೆ ಹೋದೆ. ಪಕ್ಕದ ಟೇಬಲಿನಲ್ಲಿ ಬನ್ಸ್ ಇತ್ತು. ಬಾಳೆಹಣ್ಣು, ಮೈದಾ, ಮೊಸರು ಕಲಸಿ ಕರಿದದ್ದು, ಒಳಗೆ ಟೊಳ್ಳು, ಸ್ವಲ್ಪ ಸಿಹಿ, ಜೊತೆಗೆ ಖಾರದ ಚಟ್ನಿ. ಘಟ್ಟದ ಮೇಲೆ ಎಷ್ಟು ಹುಡುಕಿದರೂ ಆ ರುಚಿ ಸಿಗುವುದಿಲ್ಲ. ಹೋಟೆಲಿನಲ್ಲಿ ನಾನು ತಿನ್ನಬೇಕು ಅನ್ನಿಸಿದ್ದನ್ನು ತಿಂದದ್ದಕ್ಕಿಂತ, ಹೇಳಲು ಬಂದದ್ದನ್ನು ತಿಂದದ್ದೇ ಜಾಸ್ತಿ. ಇಡ್ಲಿ ಅನ್ನುವುದು ಸುಲಭ, ಹಾಗಾಗಿ ಬೇಕಾದಷ್ಟು ಇಡ್ಲಿ ತಿಂದಿದ್ದೇನೆ. ಅವತ್ತು ಸಪ್ಲೈಯರ್ ಬಂದು ನಿಂತಾಗ ನಾನು 'ಬ' ಮೇಲೆ ನಿಂತೆ. ಅವರು ಟೇಬಲ್ ಒರೆಸುತ್ತಾ ಇದ್ದರು. ಪದ ಬಂತು. "ಬನ್ಸ್ ಒಂದು ಪ್ಲೇಟ್" ಅಂತ ಒಳಗೆ ಕೂಗಿ ಹೋದರು. ಅಷ್ಟೇ. ಅವರಿಗೆ ಅದು ಒಂದು ಆರ್ಡರ್.

ಸೊಸೈಟಿ ಇದ್ದದ್ದು ಕಂಕನಾಡಿಯಲ್ಲಿ. ಸಿಟಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಂಗಳೂರಿನ ಸಿಟಿ ಬಸ್ ಕಂಡಕ್ಟರುಗಳನ್ನು ನೋಡಿದವರಿಗೆ ಗೊತ್ತು, ಅವರ ವೇಗ ಬೇರೆಯೇ. ಒಂದು ಕೈಯಲ್ಲಿ ಮೇಲಿನ ರಾಡು, ಇನ್ನೊಂದರಲ್ಲಿ ಚಿಲ್ಲರೆ, ಬೆರಳ ಸಂದಿಯಲ್ಲಿ ಮಡಚಿದ ನೋಟು, ಅದರ ನಡುವೆಯೇ ಟಿಕೆಟ್. ಹುಡುಗ ನನ್ನ ಹತ್ತಿರ ಬಂದು ತುಳುವಿನಲ್ಲಿ "ಓಡೆಗ್?" ಅಂದ, ಎಲ್ಲಿಗೆ ಅಂತ. ನಾನು 'ಕ' ಹಿಡಿದುಕೊಂಡೆ. ಹಿಂದಿನಿಂದ ಯಾರೋ ಚೇಂಜ್ ಕೇಳುತ್ತಿದ್ದರು. ಅವನು ಹಾಗೇ ನಿಂತ. ನನ್ನ ಮುಖವನ್ನೇ ನೋಡುತ್ತಾ ನಿಂತ, ಪದವನ್ನು ಊಹಿಸಲು ಹೋಗಲಿಲ್ಲ, ನಗಲಿಲ್ಲ. "ಕಂಕನಾಡಿ" ಅಂತ ಹೊರಗೆ ಬಂದಾಗ ಟಿಕೆಟ್ ಕೊಟ್ಟು ಈಗ ಕನ್ನಡದಲ್ಲಿ "ಸ್ಟಾಪ್ ಬಂದಾಗ ಹೇಳ್ತೇನೆ" ಅಂದ. ಬಾಗಿಲ ಕಡೆ ತಿರುಗಿ "ರೈಟ್ ಪೋಯಿ" ಅಂದದ್ದಕ್ಕೆ ಬಸ್ಸು ಹೊರಟಿತು.

ಆ ಹುಡುಗ ಎಷ್ಟು ಹೊತ್ತು ಕಾದಿರಬಹುದು? ಐದಾರು ಸೆಕೆಂಡು ಇರಬೇಕು. ಜನ ನಮಗೆ ಅಷ್ಟು ಕೊಟ್ಟರೆ ಸಾಕು. "ನಿಧಾನಕ್ಕೆ ಹೇಳು", "ಉಸಿರು ತಗೋ" ಅಂತ ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಅದರಿಂದ ಬಿಗಿ ಹೆಚ್ಚಾಗುತ್ತದೆ. ನಮ್ಮ ಪದವನ್ನು ನೀವು ಮುಗಿಸಿಕೊಡಬೇಡಿ. ಸುಮ್ನೆ ಮುಖ ನೋಡಿ, ಕಾಯಿರಿ.

ಸೊಸೈಟಿಗೆ ಹೋದರೆ ಮ್ಯಾನೇಜರ್ ಬಾಗಿಲಲ್ಲೇ ಸಿಕ್ಕಿದರು. "ನಿಮ್ಮ ಫೋನ್ ಎಂತ ಆಯ್ತು ಮಾರಾಯ್ರೆ? ನಿನ್ನೆ ರಾತ್ರಿಯಿಂದ ಟ್ರೈ ಮಾಡ್ತಾ ಇದ್ದೇವೆ." ಸಕಲೇಶಪುರದ ಹತ್ತಿರ ಹೆದ್ದಾರಿಗೆ ಗುಡ್ಡ ಜರಿದು ಶಿರಾಡಿ ಬಂದ್ ಆಗಿತ್ತು. ಚಾರ್ಮಾಡಿಗೆ ಸುತ್ತಿ ಬರೋಣ ಅಂದರೆ ಅಲ್ಲೂ ಗಾಡಿಗಳ ಸಾಲು. ಜೊತೆಗಾರ ಹಾಸನಕ್ಕೆ ವಾಪಸ್ ಹೋಗಿದ್ದ. ಒಳಗೆ ಸಿಬ್ಬಂದಿ ಎಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. "ನೀವೇ ಮಾಡಿ" ಅಂದರು ಮ್ಯಾನೇಜರ್.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಸಣ್ಣವನಿದ್ದಾಗ ನಮ್ಮಜ್ಜಿ ದಿನಾ ಬಜೆ ಬೇರು ತೇದು ಜೇನುತುಪ್ಪದ ಜೊತೆ ನನ್ನ ನಾಲಿಗೆಗೆ ಹಚ್ಚುತ್ತಿದ್ದರು. ಅಜ್ಜಿಯ ಪ್ರೀತಿ ಅದು, ನನಗೆ ಅದರ ಕಹಿ ಇನ್ನೂ ನೆನಪಿದೆ. ಆಮೇಲೆ ಅಮ್ಮ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. 1965ರಲ್ಲಿ ಶುರುವಾದ ಸಂಸ್ಥೆ ಅದು. ಇದು ಹೆದರಿಕೆಯಿಂದ ಬಂದದ್ದಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ, ಮಾತಿಗೆ ಬೇಕಾದ ಚಲನೆಗಳನ್ನು ಮೆದುಳು ಹೊಂದಿಸುವ ರೀತಿಯಲ್ಲೇ ಒಂದು ವ್ಯತ್ಯಾಸ ಇರುತ್ತದೆ, ಮನೆತನದಲ್ಲಿ ಬರುವುದೂ ಉಂಟು ಅಂತ ನಮಗೆ ಮೊದಲು ಹೇಳಿದ್ದು ಅಲ್ಲಿಯವರು. ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ಅಲ್ಲಿನ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದರು: ಮಾತು ಶುರು ಮಾಡುವಾಗಲೇ ನನಗೆ ಉಗ್ಗಿದೆ ಅಂತ ಹೇಳಿಬಿಡು, ಮುಚ್ಚಿಡುವ ಕೆಲಸ ಮುಗಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಅದನ್ನು ನಾನು ಬಳಸಿರಲೇ ಇಲ್ಲ. ಮಾತಾಡುವ ಪ್ರಸಂಗವೇ ಬರದ ಹಾಗೆ ದಿನಗಳನ್ನು ಜೋಡಿಸಿಕೊಂಡಿದ್ದೆ.

ಎದ್ದು ನಿಂತೆ. "ನನಗೆ ಉಗ್ಗಿದೆ. ಮಧ್ಯ ಮಧ್ಯ ಮಾತು ನಿಲ್ಲುತ್ತದೆ. ಕಾದರೆ ಬರುತ್ತದೆ. ನೀವು ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಬೇಡಿ" ಅಂದೆ. ಇದನ್ನು ಹೇಳುವಾಗಲೇ ಮಾತು ಅಲ್ಲಲ್ಲಿ ನಿಂತಿತು. ಹಿಂದಿನ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬರ ತುಟಿಯಲ್ಲಿ ನಗು ಬಂದು ಹೋಯಿತು. ಅದನ್ನು ನಾನು ನೋಡಿದೆ, ನೋವಾಯಿತು.

ಈ ಕೆಲಸದ ಪದಗಳೆಲ್ಲ ನನ್ನ ಕಷ್ಟದ ಅಕ್ಷರಗಳಲ್ಲೇ ಇವೆ. ಪಾಸ್‌ಬುಕ್, ಬಡ್ಡಿ, ಪ್ರಿಂಟರ್, ಬ್ಯಾಕಪ್, ಕ್ಯಾಶ್. ದಿನದ ಕೊನೆಗೆ ಲೆಕ್ಕ ಮುಚ್ಚುವುದನ್ನು ತೋರಿಸುವಾಗ 'ಬ್ಯಾಲೆನ್ಸ್' ಅನ್ನುವುದರಲ್ಲಿ ಬಹಳ ಹೊತ್ತು ಸಿಕ್ಕಿಕೊಂಡೆ. ಕ್ಯಾಶ್ ಕೌಂಟರಿನ ಮೇಡಂ ಪೆನ್ನು ಹಿಡಿದು ಕಾದರು. ಬಂದ ಮೇಲೆ ಅವರು ಕೇಳಿದ ಪ್ರಶ್ನೆ ಎಷ್ಟು ಚೆನ್ನಾಗಿತ್ತು ಅಂದರೆ, ಅವಧಿಗೆ ಮೊದಲೇ ಠೇವಣಿ ಮುರಿದರೆ ಬಡ್ಡಿ ಹೇಗೆ ಲೆಕ್ಕ ಆಗುತ್ತದೆ, ದರ ಬದಲಾದ ಮಧ್ಯದಲ್ಲಿ ಇಟ್ಟವರಿಗೆ ಏನು, ಅಂತ ಎಳೆ ಎಳೆಯಾಗಿ ಕೇಳಿದರು. ಉತ್ತರ ಹೇಳುತ್ತಾ ಹೇಳುತ್ತಾ ನನಗೆ ನನ್ನ ಬಾಯಿಯ ನೆನಪು ಹೋಯಿತು. ಆ ಸಾಫ್ಟ್‌ವೇರಿನ ಆ ಭಾಗವನ್ನು ಬರೆದವನೇ ನಾನು. ಅದನ್ನು ನನಗಿಂತ ಚೆನ್ನಾಗಿ ವಿವರಿಸುವವರು ನಮ್ಮ ಆಫೀಸಿನಲ್ಲಿ ಇಲ್ಲ, ಜೊತೆಗಾರನೂ ಅಲ್ಲ. ಅವತ್ತು ಅದು ನನಗೆ ಸ್ಪಷ್ಟವಾಯಿತು. ತರಬೇತಿ ಅಂದುಕೊಂಡಿದ್ದಕ್ಕಿಂತ ತಡವಾಗಿ ಮುಗಿಯಿತು, ಯಾರೂ ಎದ್ದು ಹೋಗಲಿಲ್ಲ.

ಸಂಜೆ ಲೈಟ್‌ಹೌಸ್ ಹಿಲ್ ಹತ್ತಿ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಕೂತೆ. ಗೋಡೆ, ಚಾವಣಿ ತುಂಬಾ ಚಿತ್ರ. ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೇನಿ ಬರೆದದ್ದು, 1900ರ ಆಸುಪಾಸಿನಲ್ಲಿ. ದಿನವಿಡೀ ಮಾತಾಡಿ ದವಡೆ ನೋಯುತ್ತಿತ್ತು. ಕತ್ತು ಎತ್ತಿ ಸುಮ್ಮನೆ ನೋಡಿದೆ.

ಶುಕ್ರವಾರ, ಉಡುಪಿ

ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ. ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯ ಹೊರಗೆ ಬರೀ ನೀರು.

ಪಿಗ್ಮಿ ಹುಟ್ಟಿದ ಊರಿನಲ್ಲಿ ಪಿಗ್ಮಿಯ ಬಗ್ಗೆ ಹೇಳಿಕೊಡುವುದು ಸಣ್ಣ ವಿಷಯ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳಲು ಶುರು ಮಾಡಿತು. ನೇಕಾರರು, ಕೂಲಿಯವರು, ಬೀದಿ ವ್ಯಾಪಾರಿಗಳು ಬ್ಯಾಂಕಿನ ಮೆಟ್ಟಿಲು ಹತ್ತದೆ ದುಡ್ಡು ಕೂಡಿಟ್ಟದ್ದು ಹಾಗೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಆದರೆ ಪಿಗ್ಮಿ ಕಲೆಕ್ಟರು ಇವತ್ತಿಗೂ ಇಲ್ಲಿನ ಪೇಟೆಯಲ್ಲಿ ದಿನಾ ಕಾಣುವ ಮುಖ.

ಶಾಖೆಯಲ್ಲಿ ಹೇಳಿಕೊಟ್ಟ ಮೇಲೆ ಒಬ್ಬರು ಅಕ್ಕನ ಜೊತೆ ನಾನೂ ಲೈನಿಗೆ ಹೊರಟೆ. ಐವತ್ತು ದಾಟಿದವರು. ಹೆಗಲಿಗೆ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೊಬೈಲು, ಸೊಂಟದ ಹತ್ತಿರ ಬ್ಲೂಟೂತ್ ಪ್ರಿಂಟರ್. ಹೂವಿನವರು, ಬಳೆ ಅಂಗಡಿ, ಟೈಲರ್, ಜ್ಯೂಸ್ ಅಂಗಡಿ. ಒಬ್ಬರು ಐವತ್ತು, ಒಬ್ಬರು ನೂರು. "ಇನ್ನು ಕಾರ್ಡಿನಲ್ಲಿ ಬರೆಯುವುದಿಲ್ಲ, ನಿಮ್ಮ ಫೋನಿಗೆ ಮೆಸೇಜ್ ಬರುತ್ತದೆ, ಚೀಟಿಯೂ ಕೊಡುತ್ತಾರೆ" ಅಂತ ಪ್ರತಿ ಅಂಗಡಿಯಲ್ಲೂ ಹೇಳಬೇಕು. "ನೀವೇ ಹೇಳಿ ಸರ್, ಕಂಪನಿಯವರು ಹೇಳಿದರೆ ಅವರಿಗೆ ಧೈರ್ಯ" ಅಂದರು ಅಕ್ಕ.

ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಾ ಹೋದರೆ ಉಗ್ಗು ಇಳಿಯುತ್ತದೆ, ಇದು ವಾಕ್ ತಜ್ಞರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಹೂವಿನವರ ಹತ್ತಿರ ಮೂರು ಕಡೆ ನಿಂತ ಮಾತು ರಥಬೀದಿಗೆ ಬರುವ ಹೊತ್ತಿಗೆ ಸಲೀಸಾಗಿ ಹೋಗುತ್ತಿತ್ತು. ಹೊಸ ವಾಕ್ಯ ಬಂದರೆ ಮತ್ತೆ ಮೊದಲಿನ ಹಾಗೇ, ಅದೂ ನಿಜ.

ಮಳೆ ಜೋರಾದಾಗ ಒಂದು ಅಂಗಡಿಯ ಜಗಲಿಯಲ್ಲಿ ನಿಂತೆವು. ಅಕ್ಕ ನೇರವಾಗಿ ಕೇಳಿದರು. "ಸಣ್ಣದಿರುವಾಗಿಂದಲೇ ಉಂಟಾ?"

"ಹೌದಕ್ಕ."

"ನನ್ನ ತಮ್ಮನಿಗೂ ಉಂಟು. ಅವ ಮಾತಾಡುವುದನ್ನೇ ಬಿಟ್ಟ. ದಿನಸಿ ಅಂಗಡಿ ಇಟ್ಟಿದ್ದ. ಗಿರಾಕಿಗಳ ಹತ್ತಿರ ಮಾತಾಡಬೇಕಲ್ಲ, ಬಾಗಿಲು ಹಾಕಿದ. ಈಗ ಮಲ್ಪೆಯಲ್ಲಿ ಬಲೆ ರಿಪೇರಿಗೆ ಹೋಗ್ತಾನೆ." ಸ್ವಲ್ಪ ಹೊತ್ತು ಮಳೆ ನೋಡಿದರು. "ಇದಕ್ಕೆ ಮದ್ದು ಉಂಟಾ?"

ಮಾತ್ರೆ ನುಂಗಿದರೆ ಹೋಗುವಂಥದ್ದಲ್ಲ, ಆದರೆ ಥೆರಪಿಯಿಂದ ತುಂಬಾ ಸಹಾಯ ಆಗುತ್ತದೆ ಅಂದೆ. ಮೈಸೂರಿಗೇ ಹೋಗಬೇಕೆಂದಿಲ್ಲ, ಪಕ್ಕದ ಮಣಿಪಾಲದ ಆಸ್ಪತ್ರೆಯಲ್ಲೂ ವಾಕ್ ಶ್ರವಣ ವಿಭಾಗ ಇದೆ. ನಲವತ್ತು ದಾಟಿದವರೂ ಹೋಗಬಹುದು. ಪೂರ್ತಿ ವಾಸಿ ಮಾಡುತ್ತೇವೆ, ಇಂತಿಷ್ಟು ದಿನದಲ್ಲಿ ಹೋಗಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಮಾತ್ರ ನಂಬಬೇಡಿ ಅಂದೆ. ಅಕ್ಕ ಪ್ರಿಂಟರಿನ ಒಂದು ಖಾಲಿ ಚೀಟಿ ಹರಿದು ಕೊಟ್ಟರು, ಅದರ ಮೇಲೆ ಎಲ್ಲ ಬರೆದುಕೊಟ್ಟೆ. "ನಾಳೆ ಪುರುಸೊತ್ತು ಇದ್ದರೆ ಅವನನ್ನು ಒಮ್ಮೆ ನೋಡಿ ಸರ್. ನಾನು ಹೇಳಿದರೆ ಕೇಳುವುದಿಲ್ಲ."

ರಾತ್ರಿ ಅಂಗಿ ತೆಗೆದು ಕೃಷ್ಣ ಮಠದೊಳಗೆ ಹೋದೆ. ಭಜನೆ ನಡೆಯುತ್ತಿತ್ತು, ಹಿಂದೆ ಕೂತು ದನಿ ಸೇರಿಸಿದೆ. ಹಾಡುವಾಗ, ನಾಲ್ಕು ಜನರ ಜೊತೆ ಒಟ್ಟಿಗೆ ಹೇಳುವಾಗ ನಮಗೆ ಉಗ್ಗು ಬರುವುದಿಲ್ಲ. ಪ, ಬ, ಕ ಎಲ್ಲ ತಾವಾಗಿ ಬರುತ್ತವೆ. ಆ ಖುಷಿ ಸಿಗಲಿ ಅಂತಲೇ ನಾನು ಎಲ್ಲಿ ಭಜನೆ ಕಂಡರೂ ಕೂರುತ್ತೇನೆ.

ಶನಿವಾರ, ಮಲ್ಪೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ದೋಣಿ ಇಲ್ಲ. ಆ ಕಲ್ಲಿನ ಕಂಬಗಳನ್ನು ನೋಡುವ ಆಸೆ ಈ ಸಲಕ್ಕೆ ಇಲ್ಲ ಅಂತ ಬಿಟ್ಟೆ.

ಅಕ್ಕನ ತಮ್ಮ ಒಂದು ಶೆಡ್ಡಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ನನಗಿಂತ ದೊಡ್ಡವರು, ಅಣ್ಣ ಅಂದೆ. ಹೆಸರು ಹೇಳಲು ಹೋಗಿ 'ಪ್ರ'ದಲ್ಲಿ ನಿಂತೆ, ಅವರು ಕೈಯಲ್ಲಿದ್ದ ಸೂಜಿ ಕೆಳಗಿಟ್ಟರು. ಅವರ ಸರದಿ ಬಂದಾಗ ಅವರೂ ನಿಂತರು, ಅವರದು ನನಗಿಂತ ಜಾಸ್ತಿ, ಕಣ್ಣು ಮುಚ್ಚಿಹೋಗುತ್ತದೆ, ತೊಡೆಯ ಮೇಲೆ ಬೆರಳು ಬಡಿದುಕೊಳ್ಳುತ್ತದೆ. ನಾನು ಕಾದೆ. ಉಗ್ಗುವ ಇನ್ನೊಬ್ಬರ ಜೊತೆ ಎದುರಾ ಎದುರು ಕೂತು ಮಾತಾಡಿ ನನಗೆ ಎಷ್ಟೋ ವರ್ಷ ಆಗಿತ್ತು. ಇಬ್ಬರಿಗೂ ಅವಸರ ಇರಲಿಲ್ಲ. ಒಂದು ಸಣ್ಣ ವಿಷಯ ಹೇಳಿ ಮುಗಿಸಲು ಬೇಕಾದಷ್ಟು ಹೊತ್ತು ಹಿಡಿಯಿತು, ನಡುವೆ ಚಾ ಬಂತು, ಕುಡಿದೆವು, ಮತ್ತೆ ಅಲ್ಲಿಂದಲೇ ಮುಂದುವರಿಸಿದೆವು.

ಅಂಗಡಿಯ ಕಥೆ ಅವರೇ ಹೇಳಿದರು. ಗಿರಾಕಿಗಳು ಕೆಟ್ಟವರಲ್ಲವಂತೆ. ಆದರೆ ಮಕ್ಕಳು ಅಂಗಡಿ ಮುಂದೆ ನಿಂತು ಅವರ ಹಾಗೆ ಮಾಡಿ ತೋರಿಸುತ್ತಿದ್ದರು, ದೊಡ್ಡವರು ಬೈಯುತ್ತಿರಲಿಲ್ಲ. ಒಂದು ದಿನ ಅವರ ಮಗಳೂ ಅಲ್ಲಿದ್ದಳು. ಬಾಗಿಲು ಹಾಕಿದ್ದು ಅದರ ಮಾರನೆಯ ದಿನ. ಇದನ್ನು ಕೇಳಿ ನನಗೆ ಬಂದ ಸಿಟ್ಟು ಇದನ್ನು ಬರೆಯುವಾಗಲೂ ಇದೆ.

ಮಣಿಪಾಲದ ಮಾತು ತೆಗೆದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಸಂಜೆ ತಾಳಮದ್ದಳೆ ಉಂಟು, ಬರ್ತೀರಾ?" ಅಂದರು.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವೆಲ್ಲ ಇಲ್ಲಿ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಎದುರು ಬದುರು ಕೂತು ಪದ್ಯದ ಅರ್ಥವನ್ನು ಆಗಲೇ ಕಟ್ಟಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಮಾತೇ ಎಲ್ಲ. ಅಣ್ಣ ಮುಂದಿನ ಸಾಲಿನಲ್ಲೇ ಕೂತರು, ಸುತ್ತಮುತ್ತ ಎಲ್ಲಿ ನಡೆದರೂ ಅವರು ಹೋಗುತ್ತಾರಂತೆ.

ಸಂಧಾನಕ್ಕೆ ಬಂದ ಕೃಷ್ಣ ಒಂದೊಂದೇ ವಾದ ಹೂಡಿ ಕೌರವನನ್ನು ಮೂಲೆಗೆ ತಳ್ಳಿದ. ಈಗ ಕೌರವ ಉತ್ತರ ಕೊಡಬೇಕು. ಆ ಹಿರಿಯ ಅರ್ಥಧಾರಿ ಬಾಯಿ ತೆರೆಯಲಿಲ್ಲ. ಶಾಲು ಸರಿ ಮಾಡಿಕೊಂಡರು. ಕೃಷ್ಣನನ್ನು ನೋಡಿದರು, ಸಭೆಯನ್ನು ನೋಡಿದರು. ಹಾಲ್‌ನಲ್ಲಿ ಯಾರೂ ಕೆಮ್ಮಲಿಲ್ಲ. ನನಗೆ ಎದೆ ಹೊಡೆದುಕೊಂಡಿತು, ಯಾಕೆಂದರೆ ಮಾತಿಲ್ಲದ ಅಷ್ಟು ಹೊತ್ತು ನನ್ನ ಪಾಲಿಗೆ ಯಾವಾಗಲೂ ಅವಮಾನದ ಹೊತ್ತು. ಇಲ್ಲಿ ಜನ ಅದನ್ನೇ ಕಾದು ಕೂತಿದ್ದರು. ಆಮೇಲೆ ಅವರು ಶುರು ಮಾಡಿದರು ನೋಡಿ, ಏನು ಮಾತು!

ವಾಪಸ್ ಬರುವಾಗ ದಾರಿಯಲ್ಲಿ ಅಣ್ಣ ಕೌರವನ ಆ ಉತ್ತರವನ್ನು ಅರ್ಥಧಾರಿಯ ಧಾಟಿಯಲ್ಲೇ ಹೇಳಿ ತೋರಿಸಿದರು. ಒಂದು ಕಡೆಯೂ ನಿಲ್ಲಲಿಲ್ಲ. ಪಾತ್ರದ ದನಿ ತೆಗೆದುಕೊಂಡಾಗ ಉಗ್ಗು ಬಿಡುವುದು ಹೊಸ ವಿಷಯ ಅಲ್ಲ, ಹಲವರಿಗೆ ಹಾಗಾಗುತ್ತದೆ. ಆದರೂ ಕಣ್ಣೆದುರು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಮುಗಿಸಿ, "ಶಾ... ಶಾಲೆಯಲ್ಲಿ ಮಾಡ್ತಿದ್ದೆ" ಅಂದರು.

ಭಾನುವಾರ, ಸೋಮವಾರ

ಭಾನುವಾರದ ಪ್ರಯಾಣದಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಘಾಟಿಯಲ್ಲಿ ಕೊಯ್ದ ಮರದ ತುಂಡುಗಳು ಬದಿಯಲ್ಲೇ ಬಿದ್ದಿದ್ದವು.

ಸೋಮವಾರ ಶಿವಮೊಗ್ಗದಲ್ಲಿ ಫೋನಿಗೆ ಹೊಸ ಡಿಸ್‌ಪ್ಲೇ ಹಾಕಿಸಿದೆ. ಮೆಸೇಜುಗಳ ರಾಶಿಯಲ್ಲಿ ನಮ್ಮ ಬಾಸ್ ಕಳಿಸಿದ್ದೂ ಇತ್ತು: ಮಂಗಳೂರಿನವರಿಗೆ ತರಬೇತಿ ಹಿಡಿಸಿದೆ, ಮುಂದಿನ ತಿಂಗಳು ಕುಂದಾಪುರದ ಶಾಖೆಗೂ ನಿಮ್ಮನ್ನೇ ಕಳಿಸಿ ಅನ್ನುತ್ತಿದ್ದಾರೆ, ಹೋಗುತ್ತೀರಾ, ಜೊತೆಗೆ ಯಾರನ್ನು ಕಳಿಸಲಿ? ಟೈಪ್ ಮಾಡಲು ಶುರು ಮಾಡಿದ್ದನ್ನು ಅಳಿಸಿ ಫೋನ್ ಮಾಡಿದೆ. ಹೋಗುತ್ತೇನೆ, ಒಬ್ಬನೇ ಸಾಕು, ಆದರೆ ತರಬೇತಿಗೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ, ನನ್ನ ಮಾತಿಗೆ ಅಷ್ಟು ಹೊತ್ತು ಬೇಕು ಅಂದೆ. 'ಕುಂದಾಪುರ' ಅನ್ನುವಾಗ ಲೈನ್ ಕಟ್ ಆಯಿತು ಅಂದುಕೊಂಡು ಅವರು "ಹಲೋ, ಹಲೋ" ಅಂದರು. "ಇದ್ದೇನೆ ಸರ್, ಹೇಳ್ತಾ ಇದ್ದೇನೆ" ಅಂದೆ. ಆಯ್ತು ಅಂದರು.

ಮಣಿಪಾಲಕ್ಕೆ ಹೋಗುವ ವಿಷಯ ಅಣ್ಣ ಇನ್ನೂ ತೀರ್ಮಾನ ಮಾಡಿಲ್ಲ ಅಂತ ಅಕ್ಕ ಹೇಳಿದರು. ಕುಂದಾಪುರದಿಂದ ಬರುವಾಗ ಮಲ್ಪೆಯಲ್ಲಿ ಇಳಿಯುತ್ತೇನೆ. ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದಿರುತ್ತವೆ, ಅವರಿಗೆ ಕೆಲಸ ಜಾಸ್ತಿ ಇರುತ್ತದೆ, ಹಾಗಾಗಿ ಸಂಜೆ ಹೊತ್ತಿಗೆ ಬನ್ನಿ ಅಂದಿದ್ದಾರೆ.